ಡಿಟೆಕ್ಟರಿನ ಮೌನಕ್ಕೆ ಎರಡು ಅರ್ಥ

(ಪ್ರೊಪೇನ್ ಸೋರಿಕೆ ಪತ್ತೆ ಮಾಡುವ ಸಾಧನಗಳ ಪರೀಕ್ಷೆ ಮತ್ತು ನಿಗಾ ಕುರಿತು ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಮೇಜಿನ ಮೇಲಿರುವ ಈ ಬಿಳಿಯ ಡಬ್ಬಿಯನ್ನು ನೋಡಿ. ಇದು ಸಿಲಿಂಡರಿನಲ್ಲಿ ಬರುವ ಉರಿಯುವ ಅನಿಲವಾದ ಪ್ರೊಪೇನ್ ಸೋರಿದರೆ ಕೂಗಬೇಕಾದ ಡಿಟೆಕ್ಟರ್. ಪ್ಲಗ್‌ಗೆ ಹಾಕಿ ಅರ್ಧ ಗಂಟೆಯಾಯಿತು, ಹಸಿರು ದೀಪ ಉರಿಯುತ್ತಿದೆ. ಈಗ ಪರೀಕ್ಷೆಯ ಗುಂಡಿಯನ್ನು ಒತ್ತುತ್ತೇನೆ. ಕೇಳಿಸಿತಲ್ಲವೇ? ಕೊನೆಯ ಸಾಲಿನಲ್ಲಿ ಕುಳಿತವರೂ ಕಿವಿ ಮುಚ್ಚಿಕೊಂಡರು. ದೀಪವೂ ಸರಿ, ಸದ್ದೂ ಸರಿ. ಇದನ್ನು ಗೋಡೆಗೆ ಹಾಕಿಕೊಂಡವರು ನಿಶ್ಚಿಂತೆಯಿಂದ ಮಲಗುತ್ತಾರೆ.

ಆದರೆ ಇದಕ್ಕೆ ಗ್ಯಾಸ್ ಗೊತ್ತಾಗುವುದಿಲ್ಲ. ನಿನ್ನೆ ಸಂಜೆ ಗೊತ್ತಾದ ಪ್ರಮಾಣದ ಪ್ರೊಪೇನ್ ಬೆರೆಸಿದ ಗಾಳಿಯನ್ನು ಇದರ ಜಾಲರಿಗೆ ಹಾಯಿಸಿ ಕಾದು ಕುಳಿತೆ. ಒಂದು ನಿಮಿಷವಾಯಿತು, ಎರಡು ನಿಮಿಷವಾಯಿತು, ಐದು ನಿಮಿಷವಾಯಿತು. ಹಸಿರು ದೀಪ ಹಸಿರಾಗಿಯೇ ಉಳಿಯಿತು. ಒಂದು ಮನೆಯ ಗೋಡೆಯಿಂದ ಬಿಚ್ಚಿ ತಂದ ಸಾಧನ ಇದು. ಬೆನ್ನ ಮೇಲಿರುವ ತಾರೀಕಿನ ಪ್ರಕಾರ ತಯಾರಾಗಿ ಒಂಬತ್ತು ವರ್ಷ ಕಳೆದಿದೆ. ಆ ಮನೆಯವರು ಅಸಡ್ಡೆಯ ಜನರಲ್ಲ. ಪ್ರತಿ ವಾರ ತಪ್ಪದೆ ಗುಂಡಿ ಒತ್ತುತ್ತಿದ್ದರು. ಪ್ರತಿ ವಾರವೂ ಇದು ಕೂಗುತ್ತಿತ್ತು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸೋರಿಕೆ ಇಲ್ಲದಿದ್ದಾಗ ಒಳ್ಳೆಯ ಡಿಟೆಕ್ಟರ್ ಸುಮ್ಮನಿರುತ್ತದೆ. ಸತ್ತ ಡಿಟೆಕ್ಟರ್ ಸೋರಿಕೆ ಇದ್ದಾಗಲೂ ಸುಮ್ಮನಿರುತ್ತದೆ. ಎದುರಿಗೆ ನಿಂತು ನೋಡುವವರಿಗೆ ಎರಡೂ ಮೌನಗಳು ಒಂದೇ ತೆರನಾಗಿ ಕಾಣುತ್ತವೆ. ಈ ಎರಡನ್ನು ಬೇರ್ಪಡಿಸಿ ತಿಳಿಯುವ ಕೆಲಸದಲ್ಲೇ ನಾನು ಬಹಳ ವರ್ಷ ಕಳೆದಿದ್ದೇನೆ. ಅದನ್ನು ನೀವೂ ಹೇಗೆ ಮಾಡಬಹುದು ಎಂದು ಇಂದು ಹೇಳುತ್ತೇನೆ.

ಮೊದಲು ಪ್ರೊಪೇನಿನ ಸ್ವಭಾವ. ಮೈನಸ್ 42 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುವ ವಸ್ತುವಿದು. ಸಿಲಿಂಡರಿನೊಳಗಿನ ಒತ್ತಡ ಮಾತ್ರ ಅದನ್ನು ದ್ರವವಾಗಿ ಹಿಡಿದಿಟ್ಟಿರುತ್ತದೆ. ಹೊರಬಂದ ಒಂದು ಲೀಟರ್ ದ್ರವ ಸುಮಾರು 270 ಲೀಟರ್ ಅನಿಲವಾಗಿ ಹರಡುತ್ತದೆ. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಹಾಗಾಗಿ ಹೊಗೆಯಂತೆ ಮೇಲಕ್ಕೇರದೆ ನೀರಿನಂತೆ ನೆಲ ಹಿಡಿದು ಹರಿಯುತ್ತದೆ, ಮೆಟ್ಟಿಲಿಳಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇಕಡಾ 2.1ರಷ್ಟು ಪ್ರೊಪೇನ್ ಸೇರಿದರೆ ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಶೇಕಡಾ 9.5 ದಾಟಿದರೆ ಆಮ್ಲಜನಕ ಸಾಲದೆ ಹೊತ್ತುವುದಿಲ್ಲ. ಈ 2.1 ಎಂಬುದನ್ನು ಸ್ಫೋಟದ ಕೆಳಮಿತಿ ಎನ್ನುತ್ತೇವೆ. ಇಂದಿನ ಮಾತಿನಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಒಂದು ಲೆಕ್ಕ ಹಾಕೋಣ. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಕೋಣೆ. ಸೋರಿದ ಅನಿಲವೆಲ್ಲ ನೆಲದಿಂದ ಒಂದಡಿ ಎತ್ತರದೊಳಗೆ ಸಮನಾಗಿ ಹರಡಿ ನಿಂತಿದೆ ಎಂದುಕೊಳ್ಳಿ. ಅಷ್ಟು ಜಾಗ ಸ್ಫೋಟದ ಕೆಳಮಿತಿಯನ್ನು ತಲುಪಲು ಎಷ್ಟು ಪ್ರೊಪೇನ್ ಬೇಕು? ಸುಮಾರು 57 ಲೀಟರ್ ಅನಿಲ. ತೂಕದಲ್ಲಿ ಹೆಚ್ಚು ಕಡಿಮೆ 100 ಗ್ರಾಂ. ದ್ರವರೂಪದಲ್ಲಿ ಅದು ಒಂದು ಲೋಟದಷ್ಟು. ಸಿಲಿಂಡರ್ ಪೂರ್ತಿ ಖಾಲಿಯಾಗಬೇಕಿಲ್ಲ, ಒಂದು ಲೋಟ ಸಾಕು. ಒಳ್ಳೆಯ ಡಿಟೆಕ್ಟರ್ ಇದರ ಹತ್ತನೇ ಒಂದು ಪಾಲಿಗೆ, ಅಂದರೆ ನಾಲ್ಕು ಚಹಾ ಚಮಚದಷ್ಟು ದ್ರವ ಅನಿಲವಾಗಿ ಹರಡುವ ಹೊತ್ತಿಗೆ ಕೂಗಬೇಕು. ಮನೆಬಳಕೆಯ ಸಾಧನಗಳಿಗೆ ಯುರೋಪಿನ ಮಾನದಂಡವಾದ ಇಎನ್ 50194, ಕೆಳಮಿತಿಯ ಶೇಕಡಾ 3ರಿಂದ 20ರ ನಡುವೆ ಎಚ್ಚರಿಕೆ ಬರಬೇಕೆನ್ನುತ್ತದೆ. ಅಮೆರಿಕದ ಯುಎಲ್ 1484ರ ಪ್ರಕಾರ ಶೇಕಡಾ 25 ಮೀರುವಂತಿಲ್ಲ. ಡಿಟೆಕ್ಟರಿನ ನಿಜವಾದ ಕೆಲಸ ಈ ಸಣ್ಣ ಪ್ರಮಾಣವನ್ನು ಹಿಡಿಯುವುದು. ಪರೀಕ್ಷೆಯೂ ಅದನ್ನೇ ಕೇಳಬೇಕು.

"ವಾಸನೆ ಬರುತ್ತದಲ್ಲ, ಡಿಟೆಕ್ಟರ್ ಏಕೆ?" ಎಂದು ಹಲವರು ಕೇಳುತ್ತಾರೆ. ಪ್ರೊಪೇನಿಗೆ ಸ್ವಂತ ವಾಸನೆ ಇಲ್ಲ. ಕೊಳೆತ ಎಲೆಕೋಸಿನಂಥ ಆ ನಾತ ಅದಕ್ಕೆ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ್ದು. ಅನಿಲಕ್ಕೆ ವಾಸನೆ ಬೆರೆಸುವುದು ಕಡ್ಡಾಯವಾಗಲು ಕಾರಣವಾದದ್ದು ಒಂದು ದೊಡ್ಡ ದುರಂತ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿ ನೈಸರ್ಗಿಕ ಅನಿಲ ತುಂಬಿಕೊಂಡು ಸ್ಫೋಟಿಸಿತು. ಸತ್ತವರು ಸುಮಾರು 300 ಮಂದಿ, ಹೆಚ್ಚಿನವರು ಮಕ್ಕಳು. ಆ ಅನಿಲಕ್ಕೆ ವಾಸನೆ ಇರಲಿಲ್ಲ, ಯಾರಿಗೂ ಸುಳಿವು ಸಿಗಲಿಲ್ಲ.

ವಾಸನೆ ದೊಡ್ಡ ರಕ್ಷಣೆ, ಅದರಲ್ಲಿ ಅನುಮಾನವಿಲ್ಲ. ಆದರೆ ನೆಗಡಿಯಾದವರಿಗೆ, ವಯಸ್ಸಾದವರಿಗೆ, ಕೋವಿಡ್ ಬಂದು ಹೋದ ಮೇಲೆ ಘ್ರಾಣಶಕ್ತಿ ಕುಂದಿದವರಿಗೆ ಅದು ತಲುಪದಿರಬಹುದು. ಗಾಢ ನಿದ್ರೆಯಲ್ಲಿರುವವರನ್ನು ವಾಸನೆ ಎಬ್ಬಿಸುತ್ತದೆಂದು ನಂಬುವಂತಿಲ್ಲ. ಅದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಒಗ್ಗಿಕೊಂಡು ಗುರುತಿಸುವುದನ್ನೇ ಬಿಡುತ್ತದೆ. ಇನ್ನೊಂದು ವಿಷಯ ಕಡಿಮೆ ಜನರಿಗೆ ಗೊತ್ತು. ಹೊಸ ಸಿಲಿಂಡರಿನ ಒಳಮೈಯ ತುಕ್ಕು ಮರ್ಕ್ಯಾಪ್ಟನ್ ಅನ್ನು ತಿಂದುಹಾಕಬಹುದು. ನೆಲದಡಿಯ ಕೊಳವೆ ಸೋರಿದರೆ ಮಣ್ಣು ಅದನ್ನು ಹೀರಿಕೊಳ್ಳಬಹುದು. ಆಗ ಅನಿಲ ಬರುತ್ತದೆ, ವಾಸನೆ ಹಿಂದುಳಿಯುತ್ತದೆ. ಮೂಗು ಮತ್ತು ಯಂತ್ರ ಎರಡೂ ಇರಬೇಕೆಂದು ನಾನು ಹೇಳುವುದು ಅದಕ್ಕೇ.

ಈಗ ಯಂತ್ರದ ಒಳಗೆ ಹೋಗೋಣ. ಮನೆಗಳಲ್ಲಿರುವ ಬಹುಪಾಲು ಡಿಟೆಕ್ಟರುಗಳ ಮೂಲ ಜಪಾನಿನ ನವೋಯೋಶಿ ತಗುಚಿ 1962ರಲ್ಲಿ ರೂಪಿಸಿದ ಸೆನ್ಸರ್, ಅಂದರೆ ಅನಿಲವನ್ನು ಗುರುತಿಸುವ ಭಾಗ. ಅದರ ಜೀವಾಳ ತವರದ ಆಕ್ಸೈಡ್. ಒಂದು ಪುಟ್ಟ ಹೀಟರ್ ಅದನ್ನು ಸದಾ ನೂರಾರು ಡಿಗ್ರಿ ಕಾವಿನಲ್ಲಿ ಇಟ್ಟಿರುತ್ತದೆ. ಶುದ್ಧ ಗಾಳಿಯಲ್ಲಿ ಆಮ್ಲಜನಕ ಅದರ ಮೈಗೆ ಅಂಟಿಕೊಂಡು ಎಲೆಕ್ಟ್ರಾನುಗಳನ್ನು ಕಟ್ಟಿಹಾಕುತ್ತದೆ, ವಿದ್ಯುತ್ ಸುಲಭವಾಗಿ ಹರಿಯುವುದಿಲ್ಲ. ಪ್ರೊಪೇನ್ ಬಂದಾಗ ಆ ಆಮ್ಲಜನಕದೊಡನೆ ಸೇರಿ ಅದನ್ನು ಕಿತ್ತೊಯ್ಯುತ್ತದೆ. ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ, ವಿದ್ಯುತ್ ರೋಧ ಕುಸಿಯುತ್ತದೆ, ಅಲಾರಾಂ ಕೂಗುತ್ತದೆ. ಕಾರ್ಖಾನೆಗಳಲ್ಲಿ ಪ್ಲಾಟಿನಂ ತಂತಿಯ ಸುತ್ತ ವೇಗವರ್ಧಕ ಲೇಪಿಸಿದ ಮಣಿಯಿರುವ ಇನ್ನೊಂದು ಬಗೆ ಬಳಕೆಯಲ್ಲಿದೆ. ಅನಿಲ ಆ ಮಣಿಯ ಮೇಲೆ ಜ್ವಾಲೆಯಿಲ್ಲದೆ ಉರಿದು ತಂತಿಯನ್ನು ಬಿಸಿ ಮಾಡುತ್ತದೆ, ಆ ಬಿಸಿಯೇ ಅಳತೆ. ಅವಕೆಂಪು ಕಿರಣವನ್ನು ಅನಿಲ ಎಷ್ಟು ಹೀರುತ್ತದೆಂದು ನೋಡುವ ಮೂರನೆಯ ಬಗೆಯೂ ಇದೆ. ಅದು ದುಬಾರಿ, ಆದರೆ ಅದಕ್ಕೆ ವಿಷ ತಗಲುವುದಿಲ್ಲ.

ವಿಷ ಎಂದೆ. ಅದು ಅಲಂಕಾರದ ಮಾತಲ್ಲ, ನಮ್ಮ ಕೆಲಸದಲ್ಲಿ ಹಾಗೆಯೇ ಹೇಳುತ್ತೇವೆ. ಸಿಂಕಿನ ಅಂಚಿಗೆ ತುಂಬುವ ಸಿಲಿಕೋನ್, ಪೀಠೋಪಕರಣದ ಕೆಲವು ಪಾಲಿಶುಗಳು, ಕೆಲವು ಸ್ಪ್ರೇಗಳು, ಇವುಗಳಿಂದ ಏಳುವ ಸಿಲಿಕೋನ್ ಆವಿ ಬಿಸಿಯಾದ ಸೆನ್ಸರಿನ ಮೇಲೆ ಬಂದು ಕೂರುತ್ತದೆ. ಅಲ್ಲಿ ಅದು ಮರಳಿನ ಜಾತಿಯ ತೆಳುಪೊರೆಯಾಗಿ ಗಟ್ಟಿಗೊಳ್ಳುತ್ತದೆ. ಆಮೇಲೆ ಅನಿಲಕ್ಕೆ ಸೆನ್ಸರ್ ಮುಟ್ಟುವುದೇ ಕಷ್ಟ. ವೇಗವರ್ಧಕದ ಮಣಿಗೆ ಇದು ಇನ್ನೂ ಮಾರಕ, ಸೀಸ ಮತ್ತು ಗಂಧಕದ ಸಂಯುಕ್ತಗಳೂ ಅದನ್ನು ಕೆಡಿಸುತ್ತವೆ. ಇಷ್ಟೆಲ್ಲ ಆದರೂ ಹೀಟರ್ ಬಿಸಿಯಾಗಿಯೇ ಇರುತ್ತದೆ, ತಂತಿಗಳು ಸರಿಯಾಗಿಯೇ ಇರುತ್ತವೆ, ದೀಪ ಹಸಿರಾಗಿಯೇ ಇರುತ್ತದೆ.

ಹಾಗಾದರೆ ಗುಂಡಿ ಒತ್ತಿದಾಗ ಏನನ್ನು ಪರೀಕ್ಷಿಸುತ್ತೀರಿ? ವಿದ್ಯುತ್ ಬರುತ್ತಿದೆ, ಸರ್ಕ್ಯೂಟ್ ಕೆಲಸ ಮಾಡುತ್ತಿದೆ, ಸೈರನ್ ಕೂಗಬಲ್ಲದು ಎಂಬುದನ್ನು. ಕೆಲವು ಮಾದರಿಗಳಲ್ಲಿ ಸೆನ್ಸರಿನ ತಂತಿ ತುಂಡಾಗಿದೆಯೇ ಎಂಬುದನ್ನೂ ನೋಡುತ್ತದೆ. ಇದಿಷ್ಟೂ ಬೇಕಾದದ್ದೇ, ಕೈಪಿಡಿ ವಾರಕ್ಕೊಮ್ಮೆ ಒತ್ತಿ ಎಂದರೆ ವಾರಕ್ಕೊಮ್ಮೆ ಒತ್ತಿ. ಆದರೆ ಗುಂಡಿ ಪರೀಕ್ಷಿಸುವುದು ಗಂಟಲನ್ನು, ಮೂಗನ್ನಲ್ಲ. ಮೂಗನ್ನು ಪರೀಕ್ಷಿಸಲು ಅನಿಲವೇ ಬೇಕು.

ಇಲ್ಲಿಗೆ ಬಂದೊಡನೆ ಹಲವರ ಕೈ ಸಿಗರೇಟ್ ಲೈಟರಿನತ್ತ ಹೋಗುತ್ತದೆ. ಕಿಡಿ ಹಚ್ಚದೆ ಅನಿಲ ಮಾತ್ರ ಬಿಟ್ಟರೆ ಡಿಟೆಕ್ಟರ್ ಕೂಗುತ್ತದೆ, ನಿಜ. ಕೈಪಿಡಿಯಲ್ಲಿ ಸ್ಪಷ್ಟವಾಗಿ ಹೇಳಿರದಿದ್ದರೆ ದಯವಿಟ್ಟು ಹಾಗೆ ಮಾಡಬೇಡಿ. ಲೈಟರಿನಿಂದ ಬರುವುದು ಹೆಚ್ಚು ಕಡಿಮೆ ಶುದ್ಧ ಬ್ಯೂಟೇನ್, ಅಲಾರಾಂ ಮಿತಿಗಿಂತ ನೂರಾರು ಪಟ್ಟು ಗಾಢ. ಕಿವಿ ಮಂದವಾದವರ ಪಕ್ಕದಲ್ಲಿ ಪಟಾಕಿ ಹೊಡೆದು, ಬೆಚ್ಚಿಬಿದ್ದರು, ಕಿವಿ ಚೆನ್ನಾಗಿಯೇ ಕೇಳುತ್ತದೆ ಎಂದು ಹೇಳಿದಂತಾಗುತ್ತದೆ ಅದು. ಪಿಸುಮಾತು ಕೇಳಿಸುತ್ತದೆಯೇ ಎಂಬುದು ನಮ್ಮ ಪ್ರಶ್ನೆ. ಅರ್ಧ ಸತ್ತ ಸೆನ್ಸರ್ ಕೂಡ ಲೈಟರಿಗೆ ಕೂಗಿಬಿಡುತ್ತದೆ, ನಿಮ್ಮನ್ನು ನಂಬಿಸಿಬಿಡುತ್ತದೆ. ಅಷ್ಟು ಗಾಢವಾದ ಅನಿಲದಿಂದ ಸೆನ್ಸರ್ ಸ್ವಲ್ಪ ಹೊತ್ತು ಮಂಕಾಗಬಹುದು, ವೇಗವರ್ಧಕದ ಮಣಿಗೆ ಶಾಶ್ವತ ಹಾನಿಯೂ ಆಗಬಹುದು. ಆ ಮಣಿಯಲ್ಲಿ ಇನ್ನೊಂದು ಅಪಾಯವಿದೆ. ಉರಿಯಲು ಅದಕ್ಕೆ ಆಮ್ಲಜನಕ ಬೇಕು. ಸುತ್ತಲೂ ಅನಿಲವೇ ತುಂಬಿದಾಗ ಉರಿಯುವುದು ನಿಂತು ಮುಳ್ಳು ಕೆಳಗಿಳಿಯುತ್ತದೆ. ಅತಿ ಅಪಾಯದ ಜಾಗದಲ್ಲಿ ಯಂತ್ರ "ಏನೂ ಇಲ್ಲ" ಎಂದು ತೋರಿಸಬಲ್ಲದು. ಕೈಯಲ್ಲಿ ಹಿಡಿಯುವ ಮೀಟರಿನ ಮುಳ್ಳು ಒಮ್ಮೆ ಜಿಗಿದು ಥಟ್ಟನೆ ಬಿದ್ದರೆ, ಅದನ್ನು ಅತಿ ಹೆಚ್ಚು ಅನಿಲವೆಂದೇ ತಿಳಿದು ಹೊರಗೆ ಬರಬೇಕು.

ಸರಿಯಾದ ದಾರಿ ಅಳತೆ ಗೊತ್ತಿರುವ ಪರೀಕ್ಷಾ ಅನಿಲ. ಕೆಲವು ಮನೆಬಳಕೆಯ ಸಾಧನಗಳಿಗೆ ತಯಾರಕರು ಸೂಚಿಸಿದ ಸಣ್ಣ ಡಬ್ಬಿಗಳು ಸಿಗುತ್ತವೆ. ಕಾರ್ಖಾನೆಯ ಸಾಧನಗಳಿಗಾದರೆ ಪುಟ್ಟ ಸಿಲಿಂಡರ್, ನಿಗದಿತ ಹರಿವಿನ ರೆಗ್ಯುಲೇಟರ್, ಒಂದು ಕೊಳವೆ, ಸೆನ್ಸರಿನ ಮೇಲೆ ಕೂರಿಸುವ ಒಂದು ಟೋಪಿ. ಸಿಲಿಂಡರಿನ ಮೇಲಿನ ಚೀಟಿಯನ್ನು ಓದಿ. ಅದರಲ್ಲಿ ಕೆಳಮಿತಿಯ ಅರ್ಧ ಎಂದಿದ್ದರೆ ಒಳಗಿರುವುದು ಶೇಕಡಾ 1.05 ಪ್ರೊಪೇನ್. ಉಳಿದದ್ದು ಗಾಳಿಯಾಗಿರಬೇಕು, ಸಾರಜನಕವಲ್ಲ. ಸಾರಜನಕದಲ್ಲಿ ಬೆರೆಸಿದ್ದನ್ನು ಕೊಟ್ಟರೆ ಆರೋಗ್ಯವಾಗಿರುವ ಮಣಿಯೂ ಉರಿಯಲಾರದು, ಒಳ್ಳೆಯ ಸಾಧನವನ್ನು ಕೆಟ್ಟದೆಂದು ಎಸೆಯುತ್ತೀರಿ. ಚೀಟಿಯಲ್ಲಿ ಅವಧಿ ಮುಗಿಯುವ ತಾರೀಕೂ ಇರುತ್ತದೆ. ನೈಸರ್ಗಿಕ ಅನಿಲದ ಮುಖ್ಯ ಅಂಶವಾದ ಮೀಥೇನಿಗೆ ಹೊಂದಿಸಿದ ಸಾಧನ ಪ್ರೊಪೇನಿಗೆ ಬೇರೆ ಅಂಕಿ ತೋರಿಸುತ್ತದೆ, ಅದೂ ಗಮನದಲ್ಲಿರಲಿ.

ಅನಿಲ ಹಾಯಿಸಿ ಅಲಾರಾಂ ಬಂದರೆ ಸಾಕು ಎನ್ನುವುದು ಬಂಪ್ ಪರೀಕ್ಷೆ. ಅಂಕಿಯನ್ನು ಸಿಲಿಂಡರಿನ ಅಳತೆಗೆ ಸರಿಹೊಂದಿಸುವುದು ಕ್ಯಾಲಿಬ್ರೇಷನ್. ಕೆಲಸದ ಜಾಗದಲ್ಲಿ ಕೈಯಲ್ಲಿ ಹಿಡಿದು ಓಡಾಡುವ ಮೀಟರುಗಳಿಗೆ ಪ್ರತಿದಿನ ಬಳಕೆಗೆ ಮುನ್ನ ಬಂಪ್ ಪರೀಕ್ಷೆ ಆಗಬೇಕು ಎಂಬ ಪಕ್ಷ ನನ್ನದು. ಮೂವತ್ತು ಸೆಕೆಂಡಿನ ಕೆಲಸ ಅದು. ನಾನು ಮಾಡುವಾಗ ಇನ್ನೊಂದನ್ನೂ ಬರೆದಿಡುತ್ತೇನೆ: ಅನಿಲ ತಲುಪಿದ ಮೇಲೆ ಎಷ್ಟು ಸೆಕೆಂಡಿಗೆ ಕೂಗಿತು ಎಂಬುದನ್ನು. ಹೋದ ಸಲ ಹದಿನೈದು ಸೆಕೆಂಡಿಗೆ ಕೂಗಿದ್ದು ಈ ಸಲ ನಲವತ್ತು ತೆಗೆದುಕೊಂಡರೆ, ಉತ್ತೀರ್ಣವಾಗಿದ್ದರೂ ನನಗೆ ಸಮಾಧಾನವಿಲ್ಲ. ಜಾಲರಿಯಲ್ಲಿ ಧೂಳು ಕಟ್ಟಿರಬಹುದು, ಸೆನ್ಸರ್ ಮುದಿಯಾಗುತ್ತಿರಬಹುದು. ಅಲಾರಾಂ ಬಂದಮೇಲೆ ಶುದ್ಧ ಗಾಳಿಯಲ್ಲಿ ತಾನಾಗಿ ಶಾಂತವಾಗುತ್ತದೆಯೇ ಎಂದೂ ನೋಡಬೇಕು.

ಎಲ್ಲಿ ಹಾಕಬೇಕೆಂಬುದನ್ನು ಹೆಚ್ಚು ಎಳೆಯುವುದಿಲ್ಲ. ಪ್ರೊಪೇನ್ ನೆಲ ಹಿಡಿಯುವುದರಿಂದ ನೆಲದಿಂದ 30 ಸೆಂಟಿಮೀಟರಿನೊಳಗೆ, ಒಲೆಗೆ ತೀರಾ ಅಂಟಿಕೊಳ್ಳದಂತೆ. ಪರದೆಯ ಹಿಂದೆ ಬೇಡ, ಗಾಳಿ ಬೀಸುವ ಬಾಗಿಲ ಸಂದಿಯಲ್ಲಿ ಬೇಡ. ನೈಸರ್ಗಿಕ ಅನಿಲ ಹಗುರವಾದ್ದರಿಂದ ಅದರ ಡಿಟೆಕ್ಟರ್ ಛಾವಣಿಯ ಹತ್ತಿರ ಇರುತ್ತದೆ, ಅದನ್ನು ನೋಡಿ ಪ್ರೊಪೇನಿನದನ್ನೂ ಮೇಲೆ ಹಾಕಿದವರನ್ನು ಕಂಡಿದ್ದೇನೆ. ಎದೆಮಟ್ಟದ ಗಾಳಿಯಲ್ಲಿ ಏನೂ ಇಲ್ಲದಿರುವಾಗ ಕಾಲ ಬಳಿ ಅನಿಲ ಮಡುಗಟ್ಟಿರಬಹುದು.

ನೆಲದ ಹತ್ತಿರ ಇರುವುದರ ಬೆಲೆಯನ್ನೂ ಡಿಟೆಕ್ಟರ್ ತೆರಬೇಕು. ಪೊರಕೆಯ ಧೂಳು, ನೆಲ ಒರೆಸುವ ನೀರು, ಮಕ್ಕಳ ಆಟಿಕೆ, ಸಾಕುಪ್ರಾಣಿಗಳ ಕೂದಲು, ಎಲ್ಲವೂ ಅದರ ಪಾಲಿಗೇ. ತಿಂಗಳಿಗೊಮ್ಮೆ ವ್ಯಾಕ್ಯೂಮ್ ಕ್ಲೀನರಿನ ಮೃದುವಾದ ಕುಂಚದಿಂದ ಜಾಲರಿಯ ಧೂಳನ್ನು ಹೊರಗೆ ಎಳೆಯಿರಿ. ಬಾಯಿಂದ ಊದಬೇಡಿ, ಧೂಳು ಒಳಕ್ಕೆ ಹೋಗುತ್ತದೆ. ಹೊರಮೈಗೆ ಸ್ವಲ್ಪ ಒದ್ದೆಯಾದ ಬಟ್ಟೆ ಸಾಕು. ಸಾಬೂನು, ಸ್ಪಿರಿಟ್, ಹೊಳಪಿನ ಸ್ಪ್ರೇ ಯಾವುದೂ ಬೇಡ. ಅದಕ್ಕೆ ಬಣ್ಣ ಬಳಿಯಲೇಬೇಡಿ. ಗೋಡೆಗೆ ಸುಣ್ಣಬಣ್ಣ ಹಚ್ಚುವಾಗ, ಸಿಲಿಕೋನ್ ತುಂಬುವಾಗ, ಕೀಟನಾಶಕ ಹೊಡೆಯುವಾಗ ಒಲೆಯ ಅನಿಲವನ್ನು ಸಿಲಿಂಡರಿನ ಬಳಿಯೇ ಮುಚ್ಚಿ, ಸಾಧನವನ್ನು ಬಿಚ್ಚಿ ಬೇರೆಡೆ ಇಡಿ. ಘಾಟು ಪೂರ್ತಿ ಹೋದ ಮೇಲೆ ಮತ್ತೆ ಹಾಕಿ, ಪರೀಕ್ಷಿಸಿ, ನಂತರ ಅನಿಲ ತೆರೆಯಿರಿ. ಈ ಅನುಕ್ರಮವನ್ನು ತಿರುವು ಮುರುವು ಮಾಡಬಾರದು.

ವಿದ್ಯುತ್ ಹೋದರೆ ಹೀಟರ್ ತಣ್ಣಗಾಗುತ್ತದೆ, ಬ್ಯಾಟರಿಯ ಆಸರೆ ಇಲ್ಲದ ಸಾಧನ ಕುರುಡಾಗುತ್ತದೆ. ವಿದ್ಯುತ್ ಮರಳಿದ ಮೇಲೂ ಕೆಲವು ನಿಮಿಷ ಬಿಸಿಯಾಗಲು ಬೇಕು. ದೋಣಿಗಳಲ್ಲಿ, ವಾಸಕ್ಕೆ ಅಳವಡಿಸಿದ ವಾಹನಗಳಲ್ಲಿ 12 ವೋಲ್ಟಿನ ಬ್ಯಾಟರಿಯಿಂದ ಇದು ನಡೆಯುತ್ತದೆ. ಬ್ಯಾಟರಿ ಇಳಿದುಹೋಗುತ್ತದೆಂದು ಜನ ಅದರ ತಂತಿಯನ್ನೇ ಕಿತ್ತಿಡುತ್ತಾರೆ, ಮುಂದಿನ ಪ್ರಯಾಣದಲ್ಲಿ ಸೇರಿಸಲು ಮರೆಯುತ್ತಾರೆ. ತಿಂಗಳುಗಟ್ಟಲೆ ಆರಿಸಿಟ್ಟ ತವರದ ಸೆನ್ಸರಿಗೆ ಸ್ಥಿರವಾಗಲು ಒಂದೆರಡು ದಿನವೇ ಬೇಕಾಗಬಹುದು.

ಸುಳ್ಳು ಎಚ್ಚರಿಕೆಯ ವಿಷಯದಲ್ಲಿ ನನ್ನದೊಂದು ಕೋರಿಕೆ. ತವರದ ಸೆನ್ಸರಿಗೆ ಪ್ರೊಪೇನ್ ಒಂದೇ ಅಲ್ಲ, ಮದ್ಯಸಾರದ ಆವಿ, ಕೂದಲಿನ ಸ್ಪ್ರೇ, ಸುಗಂಧದ ಸ್ಪ್ರೇ, ಥಿನ್ನರ್, ಸೀಸ-ಆಮ್ಲ ಬ್ಯಾಟರಿ ಚಾರ್ಜ್ ಆಗುವಾಗ ಬರುವ ಜಲಜನಕ ಎಲ್ಲವೂ ತಾಗುತ್ತವೆ. ಹಾಗೆ ಎರಡು ಮೂರು ಬಾರಿ ಕೂಗಿದೊಡನೆ ಟೇಪ್ ಅಂಟಿಸಿ ಬಾಯಿ ಮುಚ್ಚಿಸಿದ ಸಾಧನಗಳನ್ನು ಕಂಡಿದ್ದೇನೆ. ಪ್ರತಿ ಸಲವೂ ಮೊದಲು ನಿಜವೆಂದೇ ನಡೆದುಕೊಳ್ಳಿ. ಆಮೇಲೆ ಆ ಹೊತ್ತಿಗೆ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ಬರೆದಿಡಿ. ಕಾರಣ ಸಾಮಾನ್ಯವಾಗಿ ಆ ಪಟ್ಟಿಯಲ್ಲೇ ಸಿಕ್ಕುತ್ತದೆ, ಟೇಪ್ ಬೇಕಾಗುವುದಿಲ್ಲ.

ನಿಜವೆಂದು ನಡೆದುಕೊಳ್ಳುವುದು ಎಂದರೆ ಹೀಗೆ. ಬೆಂಕಿ ಇದ್ದರೆ ಆರಿಸಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಕೂಗುತ್ತಿರುವ ಡಿಟೆಕ್ಟರನ್ನು ಪ್ಲಗ್‌ನಿಂದ ಕೀಳಬೇಡಿ, ಕೀಳುವಾಗಲೂ ಕಿಡಿ ಹಾರುತ್ತದೆ. ಹೋಗುವ ದಾರಿಯಲ್ಲಿ ಬಾಗಿಲು ಕಿಟಕಿ ತೆರೆಯಿರಿ, ಕೈಗೆಟಕುವಂತಿದ್ದರೆ ಸಿಲಿಂಡರಿನ ವಾಲ್ವ್ ಮುಚ್ಚಿ, ಎಲ್ಲರನ್ನೂ ಹೊರಗೆ ಕರೆತನ್ನಿ. ಫೋನ್ ಮಾಡುವುದು ಹೊರಗೆ ದೂರ ಹೋದ ಮೇಲೆ. ಬರಿಯ ಎತ್ತರದ ಕಿಟಕಿ ತೆರೆದರೆ ನೆಲದ ಅನಿಲ ಬೇಗ ಹೋಗುವುದಿಲ್ಲ, ಬಾಗಿಲು ಮುಖ್ಯ.

ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತಿದ್ದೇನೆ.

ವಾಸನೆ ಬರುತ್ತಿದೆ, ಡಿಟೆಕ್ಟರ್ ಸುಮ್ಮನಿದೆ, ಯಾರನ್ನು ನಂಬಬೇಕು ಎಂದು ಒಬ್ಬರು ಕೇಳಿದರು. ಮೂಗನ್ನು. ಮರ್ಕ್ಯಾಪ್ಟನ್ ಅನ್ನು ಮನುಷ್ಯನ ಮೂಗು ಅತ್ಯಲ್ಪ ಪ್ರಮಾಣದಲ್ಲಿ, ಅಲಾರಾಂ ಮಿತಿಗೆ ಬಹಳ ಮೊದಲೇ ಹಿಡಿಯುತ್ತದೆ. ಸಿಲಿಂಡರ್ ಮುಗಿಯುತ್ತ ಬಂದಾಗ ನಾತ ಹೆಚ್ಚಾಗುವುದೂ ಉಂಟು. ಮರ್ಕ್ಯಾಪ್ಟನ್ ಪ್ರೊಪೇನಿನಷ್ಟು ಬೇಗ ಆವಿಯಾಗದೆ ತಳದಲ್ಲಿ ಉಳಿದುಕೊಳ್ಳುವುದೇ ಕಾರಣ. ಆದರೂ ಅದೇ ಕಾರಣವಿರಬೇಕೆಂದು ಕೈಕಟ್ಟಿ ಕೂರಬೇಡಿ. ಕೋಣೆಯ ಗಾಳಿ ತಿಳಿಯಾದ ಮೇಲೆ ರೆಗ್ಯುಲೇಟರ್ ಮತ್ತು ಕೊಳವೆಯ ಕೀಲುಗಳಿಗೆ ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ನೋಡಿ. ಬೆಂಕಿಕಡ್ಡಿ ಹಿಡಿದು ಸೋರಿಕೆ ಹುಡುಕುವವರು ಇನ್ನೂ ಇದ್ದಾರೆ, ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಮಾಡುತ್ತಿದ್ದರೆ ಇಂದೇ ತಡೆಯಿರಿ.

ಇಂಧನ ಅರೆಬರೆ ಉರಿದಾಗ ಹುಟ್ಟುವ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡನ್ನೂ ಈ ಡಿಟೆಕ್ಟರ್ ಹಿಡಿಯುತ್ತದೆಯೇ ಎಂಬುದು ಎರಡನೆಯದು. ಎರಡಕ್ಕೂ ಪ್ರತ್ಯೇಕ ಸೆನ್ಸರ್ ಇರುವ ಸಾಧನವೆಂದು ಬರೆದಿದ್ದರೆ ಮಾತ್ರ. ಇಲ್ಲದಿದ್ದರೆ ಅದಕ್ಕೆ ಬೇರೆಯೇ ಸಾಧನ ಬೇಕು.

ಹಿರಿಯರೊಬ್ಬರು ಎದ್ದು, ತಮಗೆ ಮೂರು ವರ್ಷದಿಂದ ಯಾವ ವಾಸನೆಯೂ ತಿಳಿಯುತ್ತಿಲ್ಲ, ಮನೆಯಲ್ಲಿ ಒಬ್ಬರೇ ಇರುವುದು, ಡಿಟೆಕ್ಟರ್ ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದರು. ಅಮ್ಮಾ, ಸಾಮಾನ್ಯವಾಗಿ ಐದರಿಂದ ಏಳು ವರ್ಷ. ಲೆಕ್ಕ ಶುರುವಾಗುವುದು ಎಲ್ಲಿಂದ ಎಂದು ಕೈಪಿಡಿ ನೋಡಬೇಕು, ಎಷ್ಟೋ ಮಾದರಿಗಳಲ್ಲಿ ಅದು ತಯಾರಾದ ದಿನದಿಂದ. ಕೆಲವು ಸಾಧನಗಳು ಅವಧಿ ಮುಗಿದಾಗ ಬೇರೆ ಬಗೆಯಲ್ಲಿ ಕೀಚುಗುಟ್ಟುತ್ತವೆ, ಅದನ್ನು ಬ್ಯಾಟರಿಯ ದೂರು ಎಂದುಕೊಳ್ಳಬೇಡಿ. ಬದಲಾಯಿಸುವ ವರ್ಷವನ್ನು ದೊಡ್ಡ ಅಕ್ಷರದಲ್ಲಿ ಅದರ ಮುಂಭಾಗದಲ್ಲೇ ಬರೆದು ಅಂಟಿಸಿ, ಜಾಲರಿಗೆ ತಾಗದಂತೆ. ನಿಮಗೆ ಮೂಗಿನ ನೆರವಿಲ್ಲದ ಕಾರಣ ಒಂದರ ಬದಲು ಎರಡು ಡಿಟೆಕ್ಟರ್ ಇಡಿ ಎಂದೇ ನಾನು ಹೇಳುತ್ತೇನೆ, ಬೇರೆ ಬೇರೆ ವರ್ಷದಲ್ಲಿ ತಯಾರಾದವು. ಎರಡಕ್ಕೂ ಒಟ್ಟಿಗೆ ಮುಪ್ಪು ಬರಬಾರದು.

ಇಂದು ಮನೆಯಿಂದ ಡಿಟೆಕ್ಟರ್ ಬಿಚ್ಚಿಕೊಂಡು ಬಂದಿರುವವರು ಹಿಂದಿನ ಮೇಜಿಗೆ ಬನ್ನಿ. ಪರೀಕ್ಷಾ ಅನಿಲ ತಂದಿದ್ದೇನೆ. ಸೆನ್ಸರ್ ಬಿಸಿಯಾಗಲು ಸಮಯ ಬೇಕು, ಆದ್ದರಿಂದ ಚಹಾ ಕುಡಿಯಲು ಹೋಗುವ ಮುಂಚೆಯೇ ಪ್ಲಗ್‌ಗೆ ಹಾಕಿಟ್ಟು ಹೋಗಿ.